28ರ ಕಾರ್ಬ್ ಇಳಿಸಿ ಹೊಳ್ಳಿ 20ಕ್ಕ: ಆರ್‌ಎಕ್ಸ್ 100 ಇನ್‌ಟೇಕ್ ಕೆಲಸ

ಗಾಡಿ ಅಕ್ಕನ ಮಗಂದು, ಗದಗಿಂದ ಬಂದಿದ್ದು. 1994ರ ಯಮಹಾ ಆರ್‌ಎಕ್ಸ್ 100, ಒಮ್ಮೆ ಬೋರ್ ಆಗೇತಿ, ಕ್ರ್ಯಾಂಕ್ ಸಪ್ಪಳ ಇಲ್ಲ, ಗೇರ್ ಬರೋಬ್ಬರಿ ಬೀಳ್ತಾವು. ಗದ್ದಲ ಇದ್ದಿದ್ದೆಲ್ಲಾ ಸಿಲಿಂಡರಿನ ಹಿಂದ. ಗಾಳಿಗೆ ಪೆಟ್ರೋಲ್ ಕಲಸೋ ಕಾರ್ಬ್ಯುರೇಟರ್, ಅಂದ್ರ ಕಾರ್ಬ್, ಕಂಪನಿದು 20 ಎಂಎಂ ಕಿಂಡಿಯ ಮಿಕುನಿ, ಅದನ್ನ ತಗದು 28ರ ಕಾಪಿ ಕಾರ್ಬ್ ಕುಂದ್ರಿಸ್ಯಾರ, ಫಿಲ್ಟರ್ ಇರೋ ಏರ್ ಬಾಕ್ಸ್ ಕಿತ್ತು ಕಾರ್ಬಿನ ಬಾಯಿಗೆ ನೇರ ಕೋನ್ ಫಿಲ್ಟರ್ ಹಚ್ಚ್ಯಾರ, ಇಂಜಿನ್ನಿಗೆ ತಾನಾ ಆಯಿಲ್ ಹಾಕೋ ಆಟೋಲ್ಯೂಬ್ ಪಂಪ್ ಬಂದ್ ಮಾಡಿ ಟ್ಯಾಂಕಿಗೆ ಆಯಿಲ್ ಕಲಸ್ಕೊಂಡು ಹೊಡಿ ಅಂದಾರ.

"ಮಾಮಾ, ಮೂರನೇ ಗೇರಿನ್ಯಾಗ ನಡಕ ಒಮ್ಮೆ ಜೀವ ಹೋದಂಗ ಆಗ್ತೈತ್ರಿ, ಆಮ್ಯಾಲೆ ಒಮ್ಮಿಂದೊಮ್ಮೆಲೆ ಎಳೀತೈತಿ. ಮೈಲೇಜ್ ಅಂತೂ ಕೇಳಬ್ಯಾಡ್ರಿ."

"28 ಹಾಕು ಅಂತ ಯಾರು ಹೇಳಿದ್ದಲೇ?"

"ಎಲ್ಲಾರೂ ಹಾಕಸ್ತಾರಲ್ರಿ."

ಹೌದು, ಎಲ್ಲಾರೂ ಹಾಕಸ್ತಾರ, ಹುಬ್ಬಳ್ಳಿಯೊಳಗೂ ಅದ ಕತಿ. ದೊಡ್ಡ ತೂತು ಅಂದ್ರ ಹೆಚ್ಚು ಗಾಳಿ, ಹೆಚ್ಚು ಗಾಳಿ ಅಂದ್ರ ಹೆಚ್ಚು ಪವರ್, ಲೆಕ್ಕ ಇಷ್ಟ ಸರಳ ಇದ್ದಿದ್ರ ಕಂಪನಿಯವರು ಹುಚ್ಚರೇನು 20 ಕೊಡ್ಲಿಕ್ಕೆ. ಒಂದು ಹಾಳಿ ಮ್ಯಾಲೆ ಅವಂಗ ಲೆಕ್ಕ ಮಾಡಿ ತೋರ್ಸಿದೆ. ಇಂಜಿನ್ 98 ಸಿಸಿ, ಬೋರ್ ಅಂದ್ರ ಸಿಲಿಂಡರಿನ ಅಗಲ 50 ಎಂಎಂ, ಸ್ಟ್ರೋಕ್ ಅಂದ್ರ ಪಿಸ್ಟನ್ ಓಡೋ ದೂರ 50. ಟೂ ಸ್ಟ್ರೋಕ್ ಅಂದಮ್ಯಾಲೆ ಕ್ರ್ಯಾಂಕ್ ಒಂದು ಸುತ್ತು ತಿರುಗಿದ್ರ ಒಮ್ಮೆ ಗಾಳಿ ಎಳ್ಕೊಳ್ತೈತಿ. 3000 ಆರ್‌ಪಿಎಂ ಅಂದ್ರ ಸೆಕೆಂಡಿಗೆ 50 ಸಲ, ಪೂರ್ತಿ ತುಂಬ್ತೈತಿ ಅಂತ ಹಿಡದ್ರೂ ಸೆಕೆಂಡಿಗೆ 5 ಲೀಟರ್ ಒಳಗ ಗಾಳಿ. ಅಷ್ಟ ಗಾಳಿ 20 ಎಂಎಂ ಕಿಂಡ್ಯಾಗ ಹೋಗಬೇಕಂದ್ರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 16 ಮೀಟರ್, 28ರ ಕಿಂಡ್ಯಾಗ ಬರೇ 8. ಯಾಕಂದ್ರ 20 ಮತ್ತ 28 ಕೇಳ್ಲಿಕ್ಕೆ ಹತ್ತಿರ ಅನಸ್ತಾವು ಖರೇ, ಆದ್ರ ತೂತಿನ ಜಾಗಾ ಲೆಕ್ಕ ಹಾಕಿದ್ರ ಎರಡನೇದು ಹೆಚ್ಚುಕಡಿಮಿ ಡಬಲ್ ಐತಿ. ಮತ್ತ ಪೆಟ್ರೋಲ್ ತಾನಾಗೇ ಮ್ಯಾಲೆ ಏರಂಗಿಲ್ಲ, ಗಾಳಿ ಓಡೋ ಜೋರಿಗೆ ಅಲ್ಲಿ ಒತ್ತಡ ಇಳೀತೈತಿ, ಆ ಇಳಿತಾನ ಪೆಟ್ರೋಲ್ ಎಳೀತೈತಿ, ಆ ಇಳಿತ ವೇಗದ ವರ್ಗಕ್ಕ ತಕ್ಕಂಗ. ವೇಗ ಅರ್ಧಾ ಆದ್ರ ಎಳಿಯೋ ಶಕ್ತಿ ಕಾಲು ಭಾಗಕ್ಕ ಬರ್ತೈತಿ. ಒಲಿ ಊದೋ ಊದಗೊಳವಿ ಬದ್ಲಿ ನೀರಿನ ಪೈಪ್ ಹಿಡದು ಊದಿದ್ರ ಕೆಂಡ ಹತ್ತತೈತೇನು?

ಇಲ್ಲಿ ಒಂದು ಮಾತು ಹೇಳ್ಬೇಕು. ಈ ಕಾರ್ಬಿನ್ಯಾಗ ಸ್ಲೈಡ್ ಇರ್ತೈತಿ, ಸ್ಲೈಡ್ ಎಷ್ಟು ಏರ್ತೈತೋ ಅಷ್ಟ ಕಿಂಡಿ ತೆರೀತೈತಿ, ಹಂಗಾಗಿ ನಿಧಾನಕ್ಕ ಆಕ್ಸಿಲರೇಟರ್ ಕೊಟ್ರ 28ರ ಕಾರ್ಬೂ ಓಡ್ತೈತಿ. ಕೈ ಒಮ್ಮೆಲೆ ತಿರುವಿದ್ರ ಸ್ಲೈಡ್ ಫಟ್ಟನೆ ಮ್ಯಾಲೆ, ಕಿಂಡಿ ಪೂರಾ ಖುಲ್ಲಾ, ಗಾಳಿ ಸುಸ್ತು, ಪೆಟ್ರೋಲ್ ಏರಂಗಿಲ್ಲ, ಇಂಜಿನ್ ಒಂದು ಕ್ಷಣ ಬರೇ ಗಾಳಿ ಕುಡೀತೈತಿ. ಇವನ 'ಜೀವ ಹೋದಂಗ' ಅಂದ್ರ ಅರ್ಧಾ ಇದಾ. ಇದನ್ನ ಮುಚ್ಚಲಿಕ್ಕೆ ಯಾರೋ ನೀಡಲ್ (ಸ್ಲೈಡಿಗೆ ಜೋತು ಪೆಟ್ರೋಲ್ ದಾರಿಯೊಳಗ ಆಡೋ ಸೂಜಿ) ಎತ್ತರಿಸಿ ಮೇನ್ ಜೆಟ್ (ಪೆಟ್ರೋಲ್ ಅಳದು ಬಿಡೋ ತೂತು) ದೊಡ್ಡದು ಹಾಕ್ಯಾರ, ಅದಕ್ಕ ಪ್ಲಗ್ ನೋಡಿದ್ರ ಮಸಿ ಮೆತ್ತಿದಂಗ ಕರ್ರಗ, ಪೂರ್ತಿ ಓಪನ್ ಇದ್ದಾಗ ಫೋರ್ ಸ್ಟ್ರೋಕ್ ಗಾಡಿಗತೆ ಒಂದು ಬಿಟ್ಟು ಒಂದು ಫೈರ್. ಹಂಗಂತ 28 ಯಾವತ್ತೂ ತಪ್ಪು ಅಂತ ಅಲ್ಲ. ಪೋರ್ಟ್ (ಸಿಲಿಂಡರಿನ ಗ್ವಾಡ್ಯಾಗಿನ ಕಿಂಡಿ) ಕೆತ್ತಿ, ಎಕ್ಸ್‌ಪಾನ್ಶನ್ ಚೇಂಬರ್ ಅನ್ನೋ ರೇಸಿನ ಸೈಲೆನ್ಸರ್ ಹಾಕಿ, ಬರೇ ಮ್ಯಾಲಿನ ಆರ್‌ಪಿಎಂದಾಗ ಓಡ್ಸೋ ಡ್ರ್ಯಾಗ್ ರೇಸಿನ ಗಾಡಿಗೆ ಬೇಕು. ಗದಗ ಬಸ್ ಸ್ಟ್ಯಾಂಡಿಂದ ಬೆಟಗೇರಿ ಮಾರ್ಕೆಟ್ಟಿಗೆ ಹೋಗೋ ಗಾಡಿಗೆ ಯಾಕ?

ಇನ್ನರ್ಧಾ ರೋಗ ಬ್ಯಾರೆ ಕಡೆ ಇತ್ತು. ಬಿಸಿ ಆದಮ್ಯಾಲೆ ಆಕ್ಸಿಲರೇಟರ್ ಬಿಟ್ರೂ ಇಂಜಿನ್ ಲಗೂನ ಕೆಳಗ ಇಳಿತಿದ್ದಿಲ್ಲ, ಊಂ ಅಂತ ಮ್ಯಾಲೇ ನಿಂತು ಆಮ್ಯಾಲೆ ಬೀಳ್ತಿತ್ತು. ಇದು ಕಾರ್ಬ್ ಬಿಟ್ಟು ಇನ್ನೆಲ್ಲಿಂದೋ ಗಾಳಿ ಒಳಗ ಹೊಂಟೈತಿ ಅಂತ ಹೇಳೋ ಲಕ್ಷಣ. ಟೂ ಸ್ಟ್ರೋಕಿನ್ಯಾಗ ಇದು ಹುಡುಗಾಟಕಿ ಅಲ್ಲ. ಕಳ್ಳ ಗಾಳಿ ಹೊಕ್ಕಷ್ಟು ಮಿಕ್ಸ್ಚರ್ ತೆಳು ಆಗ್ತೈತಿ, ಅಂದ್ರ ಗಾಳಿ ಹೆಚ್ಚು ಪೆಟ್ರೋಲ್ ಕಡಿಮಿ, ಮಿಕ್ಸ್ಚರ್ ತೆಳು ಆದ್ರ ಪಿಸ್ಟನ್ ಕಾಯ್ತೈತಿ, ಒಂದಿನ ಹೈವೇದಾಗ ಪಿಸ್ಟನ್ ಸಿಲಿಂಡರಿಗೆ ಕಚ್ಕೊಂಡು ಹಿಂದಿನ ಗಾಲಿ ಲಾಕ್, ಇದಕ್ಕ ಸೀಜ್ ಅಂತಾರ.

ಲೀಕ್ ಟೆಸ್ಟಿಗೆ ನನ್ನ ಸಾಮಾನು ಅವ್ವನ ಹಳೇ ಬಿಪಿ ಮಶೀನು. ಅಕಿಗೆ ಡಿಜಿಟಲ್ ತಂದಮ್ಯಾಲೆ ಗಡಿಯಾರದಂಥಾ ಮೀಟರ್ ಇರೋದು ನನಗ ಬಂತು, ಇದ್ರಷ್ಟು ಚಲೋ ಲೀಕ್ ಟೆಸ್ಟರ್ ದುಡ್ಡು ಕೊಟ್ರೂ ಸಿಗಂಗಿಲ್ಲ ಅಂತೀನಿ. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಗೆ ಹಳೇ ಹವಾಯಿ ಚಪ್ಪಲಿ ಕೊರದು ಮಾಡಿದ ರಬ್ಬರ್ ಬಿರಡಿ ಜಡದೆ. ಪ್ಲಗ್ ಟೈಟ್ ಮಾಡಿದೆ, ಪಿಸ್ಟನ್ ಕೆಳಗ ತಂದೆ ಅಂದ್ರ ಪೋರ್ಟೆಲ್ಲಾ ತೆರೆದು ಕ್ರ್ಯಾಂಕ್ ಕೇಸ್ ಸಿಲಿಂಡರ್ ಎರಡೂ ಒಂದಾ ಡಬ್ಬಿ ಆಗ್ತಾವು. ಕಾರ್ಬ್ ಕೂಡ್ರೋ ರಬ್ಬರಿನೊಳಗ ಒಂದು ನೈಲಾನ್ ಬೂಚು, ಅದರ ನಡಕ ನಳಿಗೆ ಬಿಪಿ ಮಶೀನಿನ ಪೈಪ್. ಕಾರ್ಬಿನ ಮುಂದಿರೋ ರೀಡ್ ವಾಲ್ವ್ ಒಳಗ ಹೋಗೋ ಗಾಳಿಗೆ ಬಾಗಿಲು ತೆರೀತೈತಿ, ಹಂಗಾಗಿ ಈ ಕಡೆಯಿಂದ ಊದಿದ್ರ ಇನ್‌ಟೇಕ್ ಜಾಯಿಂಟೂ ಟೆಸ್ಟ್ ಆಗ್ತೈತಿ, ಒಳಗಿಂದೂ ಆಗ್ತೈತಿ. ಬಲ್ಬ್ ಹಿಚುಕಿ ಮುಳ್ಳು 300ಕ್ಕ ಒಯ್ಯಬೇಕು, ಅಂದ್ರ ಸುಮಾರು 6 ಪಿಎಸ್ಐ, ಅದಕ್ಕಿಂತ ಹೆಚ್ಚು ಹಾಕಿ ಸೀಲ್ ಹಾರಸಬ್ಯಾಡ್ರಿ. ನಿಮಿಷಕ್ಕ 50ರಷ್ಟು ಇಳದ್ರ ನಡೀತೈತಿ. ಇಲ್ಲಿ ಮುಳ್ಳು ನೋಡ್ತಾ ನೋಡ್ತಾ ಸೊನ್ನೆಗೆ ಬಂತು.

ಸೋಪಿನ ನೀರು ಬ್ರಷ್‌ನಿಂದ ಸವರಿದೆ. ಮೊದಲನೇ ಗುಳ್ಳಿ ಕಾರ್ಬ್ ಜಾಯಿಂಟಿನ ಬುಡಕ್ಕ, ದೊಡ್ಡ ಕಾರ್ಬ್ ಕೂಡ್ರಸಾಕ ತಂದ ಜಾಯಿಂಟ್, ಅದರ ಮುಖಾನ ಸೊಟ್ಟ, ಪ್ಯಾಕಿಂಗಿನ ಮ್ಯಾಲೆ ಅನಾಬಾಂಡ್ ಅಂಟು ಮೆತ್ತಿ ಮುಚ್ಚ್ಯಾರ. ಅದನ್ನ ತಗದು ಕಂಪನಿ ಜಾಯಿಂಟ್ ಹಾಕಿ ಹೊಳ್ಳಿ ಊದಿದೆ, ಮುಳ್ಳು ಈಗ ನಿಧಾನ ಇಳೀತು ಆದ್ರ ಇಳೀತು. ಮ್ಯಾಗ್ನೆಟ್ ಬಿಚ್ಚಿ ನೋಡಿದ್ರ ಆ ಕಡೆ ಕ್ರ್ಯಾಂಕ್ ಸೀಲಿನ ತುಟಿ ಸುತ್ತ ಸಣ್ಣ ಸಣ್ಣ ಗುಳ್ಳಿ ಸಾಲಾಗಿ ಏಳಾಕತ್ತಿದ್ವು, ಸೀಲ್ ಮುಟ್ಟಿದ್ರ ಪ್ಲಾಸ್ಟಿಕಿನಂಗ ಗಟ್ಟಿ. ಕ್ಲಚ್ ಕಡೆ ಸೀಲ್ ಹೋದ್ರ ಗೇರ್ ಆಯಿಲ್ ಸುಟ್ಟು ಹೊಗಿ ಬಂದು ತಾನಾ ಹೇಳ್ತೈತಿ, ಮ್ಯಾಗ್ನೆಟ್ ಕಡೇದು ಹೋದ್ರ ಮಂದಿ ತಿಂಗಳುಗಟ್ಟಲೆ ಕಾರ್ಬ್ ತಿರುವಕೋತ ಕುಂದರ್ತಾರ. ಎರಡೂ ಹೊಸಾವು ಹಾಕಿದೆ. ಆಮ್ಯಾಲೆ ಮುಳ್ಳು 300ಕ್ಕ ಹೋಗಿ ಅಲ್ಲೇ ಕುಂತ್ತು, ನಾನು ಚಹಾ ಕುಡದು ಬಂದೆ, ಚೂರ ಇಳದಿತ್ತು ಅಷ್ಟ.

ರೀಡ್ ವಾಲ್ವ್ ಇನ್ನೊಂದು ಕತಿ. ಹಳೇ ಯೆಜ್ಡಿ ಓಡ್ಸಿದವರಿಗೆ ಗೊತ್ತಿರ್ತೈತಿ, ಮೈಸೂರಿನ ಐಡಿಯಲ್ ಜಾವಾದವರ ರೋಡ್‌ಕಿಂಗಿನ್ಯಾಗ ರೀಡ್ ಇಲ್ಲ, ಪಿಸ್ಟನ್ನಿನ ಲಂಗಾನ, ಅಂದ್ರ ಅದರ ಕೆಳಗಿನ ಗ್ವಾಡೀನ, ಬಾಗಿಲು. ಪೋರ್ಟ್ ಎಷ್ಟೊತ್ತಿಗೆ ತೆರೀತೈತೋ ಅಷ್ಟೊತ್ತಿಗೆ ಮುಚ್ಚಬೇಕು, ಟಿಡಿಸಿಯ (ಪಿಸ್ಟನ್ ತುತ್ತತುದಿಗೆ ಇರೋ ಜಾಗಾ) ಆ ಕಡೆ ಈ ಕಡೆ ಸರಿಸಮ, ಅದಕ್ಕ ಕೆಳಗಿನ ಆರ್‌ಪಿಎಂದಾಗ ಪಿಸ್ಟನ್ ಇಳಿಯುವಾಗ ಒಳಗ ಬಂದ ಮಿಕ್ಸ್ಚರ್ ಕಾರ್ಬಿನ ಬಾಯಿಂದ ಹೊರಗ ಉಗುಳ್ತೈತಿ. ಯಮಹಾದವರು ಟಾರ್ಕ್ ಇಂಡಕ್ಷನ್ ಅಂತ ಕರದಿದ್ದು ಇದಕ್ಕ ಮದ್ದು: ನಡಕ ತೆಳು ನಾಲಿಗಿ ಇಟ್ರು, ಒಳಗ ಎಳೆತ ಇದ್ದಷ್ಟೊತ್ತು ಏಳ್ತಾವು, ಒತ್ತಡ ತಿರುಗಿತು ಅಂದ್ರ ಬಡದು ಮುಚ್ಕೊಳ್ತಾವು. ಟೈಮಿಂಗ್ ಇಂಜಿನ್ ತಾನಾ ಮಾಡ್ಕೊಳ್ತೈತಿ.

ಮುಚ್ಕೊಂಡ್ರ ತಾನ ಆ ಮಾತು. ರೀಡ್ ಬ್ಲಾಕ್ ತಗದು ಟ್ಯೂಬ್‌ಲೈಟಿಗೆ ಹಿಡದು ನೋಡಿದೆ, ಒಂದು ಪೆಟಲ್ (ಆ ನಾಲಿಗೀನ) ಕೆಳಗ ಬೆಳಕು ಗೆರಿ ಹೊಡದಂಗ ಕಾಣ್ತು, ಇನ್ನೊಂದರ ಮೂಲಿ ಚಿಪ್ಪೆದ್ದು ಹೋಗೇತಿ. ಹೋದ ತುಣುಕು ಎಲ್ಲಿ ಅಂತ ಮೊದಲು ಚಿಂತಿ. ಸ್ಟೀಲ್ ತುಣುಕು ಕ್ರ್ಯಾಂಕ್ ಕೇಸಿನೊಳಗ ಇದ್ರ ಬೇರಿಂಗಿಗೆ ಬೆಂಕಿ. ಪೆಟ್ರೋಲ್ ಹಾಕಿ ಜಾಲಾಡ್ಸಿ, ಗಾಡಿ ಮಗ್ಗಲಿಗೆ ಮಲಗಿಸಿ, ಬಸದಿದ್ದನ್ನ ಬಿಳಿ ಬಟ್ಟಿ ಮ್ಯಾಲೆ ಸೋಸಿ ನೋಡಿದೆ, ಏನೂ ಸಿಗಲಿಲ್ಲ. ಪಿಸ್ಟನ್ ಮ್ಯಾಲೂ ಗೀರಿಲ್ಲ, ಎಂದೋ ಸೈಲೆನ್ಸರಿನ್ಯಾಗ ಹೋಗಿರ್ಬೇಕು.

ಹೊಸಾ ಪೆಟಲ್ ಗ್ಲಾಸ್ ಎಪಾಕ್ಸಿ ಹಾಳಿಂದ ಮಾಡಿದೆ, ಸರ್ಕ್ಯೂಟ್ ಬೋರ್ಡಿಗೆ ಬಳಸ್ತಾರಲ್ಲ ಅದಾ, ತಾಮ್ರ ಇಲ್ಲದ್ದು, 0.4 ಎಂಎಂ. ಮುರದ್ರೂ ಪಿಸ್ಟನ್ ಹಾಳು ಮಾಡಂಗಿಲ್ಲ, ಸ್ಟೀಲಿಗಿಂತ ಹಗುರ. ಹಳೇ ಪೆಟಲ್ ಮ್ಯಾಲಿಟ್ಟು ಗೆರಿ ಎಳದು, ಕತ್ತರಿಯಿಂದ ಒಂದು ಚೂರು ದೊಡ್ಡದಾಗೇ ಕತ್ತರಿಸಿ, 600 ನಂಬರ್ ವಾಟರ್ ಪೇಪರ್ ಗಾಜಿನ ಮ್ಯಾಲಿಟ್ಟು ನೀರು ಹಾಕ್ಕೋತ ಅಂಚು ತಿಕ್ಕಿದೆ. ನೀರು ಬಿಡಬ್ಯಾಡ್ರಿ, ಆ ಗಾಜಿನ ಧೂಳು ಎದಿಯೊಳಗ ಹೋಗಬಾರ್ದು. ಅಂಚಿಗೆ ಸಣ್ಣ ಸೀಳು ಉಳದ್ರೂ ಅಲ್ಲಿಂದಾನ ಬಿರುಕು ಶುರು ಆಗೋದು, ಅದಕ್ಕ ಉಗುರು ಆಡ್ಸಿದ್ರ ಎಲ್ಲೂ ತಡೀಬಾರ್ದು, ಅಲ್ಲೀತನಕ ತಿಕ್ಕೋದು. ಸ್ಕ್ರೂಗಳಿಗೆ ಥ್ರೆಡ್ ಲಾಕರ್ ಹಾಕೋದು ಮಾತ್ರ ಮರೀಬಾರ್ದು, ಒಂದು ಸಡಲಾತು ಅಂದ್ರ ಸೀದಾ ಒಳಗ. ಜೋಡ್ಸಿದ ಮ್ಯಾಲೆ ಹೊಳ್ಳಿ ಟ್ಯೂಬ್‌ಲೈಟಿಗೆ ಹಿಡದೆ, ಕತ್ತಲಿ.

ಏರ್ ಬಾಕ್ಸ್ ಹುಡುಕೋದ ದೊಡ್ಡ ಉಸಾಬರಿ ಆತು, ಕಡೀಕ ಹಳೇ ಹುಬ್ಬಳ್ಳಿ ಕಡೆ ಒಂದು ಗುಜರಿಯೊಳಗ ಸಿಕ್ತು, ಒಂದು ಕಿವಿ ಮುರದಿತ್ತು, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡ್ಸಿದೆ. ಇದನ್ನ ಮಂದಿ ಬರೇ ಫಿಲ್ಟರ್ ಇಡೋ ಡಬ್ಬಿ ಅಂತ ತಿಳದಾರ. ಇಂಜಿನ್ ಗಾಳಿಯನ್ನ ಗುಟುಕು ಗುಟುಕಾಗಿ ಕುಡೀತೈತಿ, ಒಂದಾ ಸಮನೆ ಅಲ್ಲ, ಆ ಡಬ್ಬಿಯೊಳಗಿನ ಶಾಂತ ಗಾಳಿ ಇದ್ರ ಪ್ರತಿ ಗುಟುಕೂ ಒಂದಾ ನಮೂನಿ ಬರ್ತೈತಿ, ಕಾರ್ಬಿನ ಬಾಯಿ ಮುಂದ ಸೈಡಿಂದ ಬೀಸೋ ಗಾಳಿ ಜೆಟ್ಟಿನ ಲೆಕ್ಕ ಕೆಡಸಂಗಿಲ್ಲ. ಕಂಪನಿಯವರು ಜೆಟ್ ಗೊತ್ತು ಮಾಡಿದ್ದು ಈ ಡಬ್ಬಿ, ಅದರ ಸಣ್ಣ ಮೂತಿ, ಎಣ್ಣಿ ಹಚ್ಚಿದ ಸ್ಪಂಜು ಎಲ್ಲಾ ಸೇರ್ಸಿ. ಮೂತಿ ಕತ್ತರಿಸಿದ್ರ ಸೌಂಡ್ ಬರ್ತೈತಿ, ಅದಕ್ಕ ಪವರ್ ಬಂತು ಅಂತ ಅನಸ್ತೈತಿ. ಮತ್ತ ಗದಗ ಕಡೆ ಎರಿಮಣ್ಣಿನ ಧೂಳು ಬ್ಯಾಸಿಗಿಯೊಳಗ ಹೆಂಗಿರ್ತೈತಿ ಅಂತ ನಮಗ ಯಾರೂ ಹೇಳೋದು ಬ್ಯಾಡ. ಆ ಕೋನ್ ಫಿಲ್ಟರಿನ ಒಳಮೈ ಬಿಳಿ ಬಟ್ಟಿಯಿಂದ ಒರಸಿದ್ರ ಬಟ್ಟಿ ಕಪ್ಪು. ಟೂ ಸ್ಟ್ರೋಕಿನ್ಯಾಗ ಆ ಧೂಳು ಮೊದಲು ಕ್ರ್ಯಾಂಕ್ ಬೇರಿಂಗ್ ಮಾತಾಡಿಸ್ಕೊಂಡಾ ಮ್ಯಾಲೆ ಹೋಗೋದು.

ಈಗ ಜೆಟ್ಟು. ಒರಿಜಿನಲ್ 20ರ ಕಾರ್ಬ್ ಅವನ ಮನಿಯೊಳಗ ರದ್ದಿ ಡಬ್ಬದಾಗ ಇತ್ತು ನಸೀಬಕ್ಕ. ತೊಳದು, ಫ್ಲೋಟ್ ಸೂಜಿ ಬದಲಿಸಿ, ನೀಡಲ್ ಕ್ಲಿಪ್ ನಡಕಿನ ಕಚ್ಚಿಗೆ ಇಟ್ಟು ಶುರು ಮಾಡಿದೆ. ಆದ್ರ 1985ರಿಂದ 1996ರತನಕ ಈ ಗಾಡಿ ತಯಾರಾದಾಗ ಇದ್ದ ಪೆಟ್ರೋಲ್ ಈಗ ಬಂಕಿನ್ಯಾಗ ಇಲ್ಲ, ಈಗಿಂದು ಇ20, ಅಂದ್ರ 20 ಪರ್ಸೆಂಟ್ ಎಥನಾಲ್ ಕಲಸಿದ್ದು. ಬರೇ ಪೆಟ್ರೋಲ್ ಪೂರ್ತಿ ಉರೀಲಿಕ್ಕೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಸಾಕು, 20 ಪರ್ಸೆಂಟ್ ಕಲಸಿದ್ರ ಲೆಕ್ಕ 13.5ರ ಹತ್ತಿರ ಬರ್ತೈತಿ. ಅಂದ್ರ ಅಷ್ಟ ಗಾಳಿಗೆ ಮೊದಲಿಗಿಂತ ಪೆಟ್ರೋಲ್ ಹೆಚ್ಚು ಹೋಗ್ಬೇಕು, ಹಳೇ ಜೆಟ್ಟಿನ ಮ್ಯಾಲೆ ಗಾಡಿ ತೆಳು ಓಡ್ತೈತಿ. ಸೀಲ್ ಲೀಕ್ ಇದ್ದ ಗಾಡಿಗೆ ಇದೂ ಸೇರಿದ್ರ ಕೇಳ್ತೀರೇನು. ಮೇನ್ ಜೆಟ್ ಕಂಪನಿ ನಂಬರಿಗಿಂತ ಎರಡು ಮೆಟ್ಟಲು ಮ್ಯಾಲೆ ಹೋಗಿ ಅಲ್ಲಿಂದ ಪ್ಲಗ್ ನೋಡ್ಕೋತ ಬಂದೆ. ಹಳೇ ಜೆಟ್ ತಂತಿ ಹಾಕಿ ಕೊರಿಯೋರು ಅದಾರ, ದಯಮಾಡಿ ಬ್ಯಾಡ್ರಿ, ಹೊಸಾದು ಸಿಗ್ತೈತಿ.

ಯಾವ ಜಾಗಾದಾಗ ಏನು ಕೆಲಸ ಮಾಡ್ತೈತಿ ಅನ್ನೋದು ತಲಿಯೊಳಗ ಇಟ್ಕೊಂಡ್ರ ಅರ್ಧಾ ಟ್ಯೂನಿಂಗ್ ಮುಗೀತು. ಆಕ್ಸಿಲರೇಟರ್ ಮುಚ್ಚಿದ್ದಲ್ಲಿಂದ ಎಂಟನೇ ಒಂದು ಭಾಗದತನಕ ಪೈಲಟ್ ಜೆಟ್ ಮತ್ತ ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗಕ್ಕ ಸ್ಲೈಡಿನ ಕಟ್, ಕಾಲಿನಿಂದ ಮುಕ್ಕಾಲು ನೀಡಲ್, ಮುಕ್ಕಾಲಿನ ಮ್ಯಾಲೆ ಮೇನ್ ಜೆಟ್. ಆಕ್ಸಿಲರೇಟರ್ ಗ್ರಿಪ್ಪಿಗೆ ಪೇಂಟ್ ಟೇಪ್ ಸುತ್ತಿ ಈ ಗೆರಿ ಪೆನ್ನಿಲೆ ಹಾಕ್ಕೊಂಡಾ ಓಡ್ಸಿದೆ. ಮೇನ್ ಜೆಟ್ ನೋಡ್ಲಿಕ್ಕೆ ಹೊಸಾ ಪ್ಲಗ್ ಹಾಕಿ, ಪೂರ್ತಿ ಓಪನ್ ಹೊಡದು, ಓಡೋವಾಗ್ಲೇ ಕ್ಲಚ್ ಒತ್ತಿ ಚಾವಿ ಬಂದ್ ಮಾಡಿ, ಅಲ್ಲೇ ರಸ್ತಾ ಮಗ್ಗಲಿಗೆ ಪ್ಲಗ್ ಬಿಚ್ಚೋದು, ಪಿಂಗಾಣಿಯ ಬುಡಕ್ಕ ಕಂದು ಉಂಗುರ ಬಂದಿರ್ಬೇಕು. ಇದನ್ನ ಬೈಪಾಸ್ ಮ್ಯಾಲೆ ಲಾರಿ ಮುಂದ ಮಾಡಬ್ಯಾಡ್ರಿ. ನಾನು ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಆಯ್ತವಾರ ಮಾಡಿದೆ.

ಇಷ್ಟಕ್ಕ ಗಾಡಿ ಸರಿ ಆತು, ಖರೇ ಅಂದ್ರ ಇಲ್ಲಿಗೆ ನಿಲ್ಲಸ್ಬಹುದಿತ್ತು. ಆದ್ರ 4500 ಆರ್‌ಪಿಎಂ ಹತ್ತಿರ ಇನ್ನೂ ಒಂದು ಸಣ್ಣ ತಗ್ಗು ಇತ್ತು, ಗೊತ್ತಾಗಿದ್ದು ಪ್ಲಗ್ ವೈರಿಗೆ ಸುತ್ತೋ ಸಣ್ಣ ಟ್ಯಾಕೋಮೀಟರಿನಿಂದ. ಇಂಡೋನೇಷ್ಯಾದ ಆರ್‌ಎಕ್ಸ್ ಕಿಂಗಿಗೆ ಯಮಹಾದವರು ವೈಇಐಎಸ್ ಅಂತ ಒಂದು ಬಾಟಲಿ ಕೊಡ್ತಿದ್ರು, ಕಾರ್ಬ್ ಮತ್ತ ರೀಡ್ ನಡಕ ಒಂದು ಪೈಪ್, ಅದರ ತುದಿಗೆ ಮುಚ್ಚಿದ ಡಬ್ಬಿ. ರೀಡ್ ಬಡದು ಮುಚ್ಚಿದಾಗ ಓಡಿ ಬರಾಕತ್ತ ಗಾಳಿ ಗ್ವಾಡಿಗೆ ಹಾಯ್ದಂಗ ನಿಲ್ಲೋ ಬದ್ಲಿ ಡಬ್ಬಿಯೊಳಗ ಹೊಕ್ಕೊಳ್ತೈತಿ, ರೀಡ್ ತೆರೆದ ಕೂಡ್ಲೇ ಅಲ್ಲಿಂದ ಹೊರಗ ಬರ್ತೈತಿ. ಕಾರ್ಬ್ ಒಳಗಿನ ಹರಿವು ಆಗ ಅಷ್ಟು ಜಗ್ಗಾಡಂಗಿಲ್ಲ. ಭಾಳ ದಿನದಿಂದ ಮಾಡ್ಬೇಕು ಅಂತ ಇತ್ತು, ಅಳಿಯನ ಗಾಡಿ ಸಿಕ್ತು.

ಮಾಡೋ ಮೊದಲು ಲೆಕ್ಕ. ಡಬ್ಬಿ ಮತ್ತ ಪೈಪ್ ಸೇರಿ ಒಂದು ನಿರ್ದಿಷ್ಟ ಕಂಪನಕ್ಕ ಕುಣೀತಾವು, ಖಾಲಿ ಬಾಟಲಿ ಬಾಯಿ ಮ್ಯಾಲೆ ಊದಿದ್ರ ಬರೋ ಸ್ವರಾನ ಅದು. ಪೈಪಿನ ತೂತಿನ ಜಾಗಾನ ಡಬ್ಬಿ ಗಾತ್ರ ಗುಣಿಲೆ ಪೈಪಿನ ಉದ್ದದಿಂದ ಭಾಗಿಸಿ ವರ್ಗಮೂಲ ತಗೋಬೇಕು, ಅದನ್ನ ಶಬ್ದದ ವೇಗಕ್ಕ ಗುಣಿಸಿ 2 ಪೈದಿಂದ ಭಾಗಿಸ್ಬೇಕು. ಮಂದಿ ಸಾಮಾನ್ಯ ಇಂಜಿನ್ನಿನಷ್ಟಾ ಡಬ್ಬಿ ಅಂತ 100 ಸಿಸಿ ಹಾಕ್ತಾರ. 10 ಎಂಎಂ ತೂತಿನ 20 ಸೆಂಟಿಮೀಟರ್ ಪೈಪಿಗೆ 100 ಸಿಸಿ ಡಬ್ಬಿ ಹಚ್ಚಿದ್ರ 107 ಹರ್ಟ್ಜ್, ಟೂ ಸ್ಟ್ರೋಕಿಗೆ ಸುತ್ತಿಗೊಂದು ಎಳೆತ, ಹಂಗಾಗಿ 6400 ಆರ್‌ಪಿಎಂ ಬರ್ತೈತಿ. ನನಗ ಬೇಕಾದ್ದು 4500, ಅಂದ್ರ 75 ಹರ್ಟ್ಜ್. ಡಬ್ಬಿ 150 ಸಿಸಿ, ಪೈಪ್ 27 ಸೆಂಟಿಮೀಟರ್ ಮಾಡಿದ್ರ ಅಲ್ಲಿಗೆ ಬಂತು. ಡಬ್ಬಿಗೆ 50 ಎಂಎಂ ಒಳಅಳತಿ ಅಲ್ಯುಮಿನಿಯಂ ಪೈಪ್ 76 ಎಂಎಂ ಕತ್ತರಿಸಿದೆ, ಗೋಕುಲ ರೋಡಿನ ಲೇತಿನವರ ಕಡೆ ಎರಡು ಮುಚ್ಚಳ ಮಾಡ್ಸಿ ಆರ್ಗನ್ ವೆಲ್ಡಿಂಗ್ ಹೊಡಸ್ದೆ. ಪಿವಿಸಿ ಹಾಕಬ್ಯಾಡ್ರಿ, ಪೆಟ್ರೋಲಿಗೆ ಮೆತ್ತಗಾಗ್ತೈತಿ. ಪೈಪ್ ಮಾತ್ರ ಫ್ಯುಯೆಲ್ ಹೋಸಾ ಬೇಕು, ಎಥನಾಲ್ ತಡಿಯೋದು.

ಜಾಯಿಂಟಿಗೆ ತೂತು ಹೊಡಿಯೋ ಮನಸಾಗಲಿಲ್ಲ, ರೀಡ್ ಬ್ಲಾಕ್ ಮತ್ತ ಜಾಯಿಂಟ್ ನಡಕ 16 ಎಂಎಂ ದಪ್ಪನ ಸ್ಪೇಸರ್ ಕೆತ್ತಿಸಿ ಅದರ ಮಗ್ಗಲಿಗೆ ನಿಪ್ಪಲ್ ಕೂಡ್ರಸ್ದೆ. ಒಳಗಿನ ಕಿಂಡಿ ಜಾಯಿಂಟಿನ ಕಿಂಡಿಗೆ ಒಂದು ಕೂದಲೂ ಮೆಟ್ಟಲು ಇಲ್ಲದಂಗ ಫೈಲ್ ಹಾಕಿ ಕೂಡಿಸ್ಬೇಕು. ಬೋಲ್ಟ್ ಉದ್ದನ್ನಾವು ಬೇಕಾದ್ವು. ಕಾರ್ಬ್ 16 ಎಂಎಂ ಹಿಂದ ಸರೀತು, ಏರ್ ಬಾಕ್ಸಿನ ರಬ್ಬರ್ ಸುಕ್ಕಾಗಿ ಬಿಗೀತು, ಡಬ್ಬಿಯನ್ನ ವಾಷರ್ ಕೊಟ್ಟು ಹಿಂದಕ್ಕ ತಳ್ಳಿದ ಮ್ಯಾಲೆ ಸರಿ ಆತು. ಹೊಳ್ಳಿ ಬಿಪಿ ಮಶೀನ್, ಹೊಳ್ಳಿ 300.

ಫರಕ್ ಐತೋ ಇಲ್ಲೋ ಅನ್ನೋದು ಮನಸಿನ ಆಟ ಆಗಬಾರ್ದಂತ ಪೈಪಿಗೆ ಒಂದು ಸ್ಕ್ರೂ ಕ್ಲಿಪ್ ಹಾಕಿ ಹಿಚುಕಿ ಬಂದ್ ಮಾಡಿ ಒಮ್ಮೆ, ಬಿಟ್ಟು ಒಮ್ಮೆ, ನೃಪತುಂಗ ಬೆಟ್ಟದ ಏರಿನ್ಯಾಗ ಅದಾ ಗೇರ್ ಅದಾ ಜಾಗಾದಿಂದ ಆಕ್ಸಿಲರೇಟರ್ ಕೊಟ್ಟೆ. ವಾಕಿಂಗ್ ಬಂದೋರು ನನ್ನ ಮಾರಿ ನೋಡಿದ ಪರಿ ಬ್ಯಾರೆ ಮಾತು. ಬಂದ್ ಇದ್ದಾಗ ತಗ್ಗು ಐತಿ, ಬಿಟ್ಟಾಗ ತಗ್ಗು ಪೂರ್ತಿ ಹೋಗಿಲ್ಲ ಆದ್ರ ಸವದೈತಿ, ಇಂಜಿನ್ ನಡಗೋದು ಕಡಿಮಿ. ಮ್ಯಾಲಿನ ಸ್ಪೀಡಿಗೆ ಒಂದು ಕಿಲೋಮೀಟರೂ ಫರಕ್ ಇಲ್ಲ. ಬಾಟಲಿ ಹಚ್ಚಿ ಗಾಡಿ ರಾಕೆಟ್ ಆತು ಅನ್ನೋರ ಮಾತು ನಂಬಬ್ಯಾಡ್ರಿ. ಮೊದಲು ಲೀಕ್, ರೀಡ್, ಕಾರ್ಬ್, ಏರ್ ಬಾಕ್ಸ್. ಬಾಟಲಿ ಆಮ್ಯಾಲಿನ ಚಪಲ.

ಕಡೀ ಕೆಲಸ ಆಟೋಲ್ಯೂಬ್ ಹೊಳ್ಳಿ ಜೋಡ್ಸೋದು. ಇವರು ಗೆಳ್ಯಾರು ಕೂಡಿ ಕಲಘಟಗಿ ಯಲ್ಲಾಪುರ ದಾಟಿ ಅಂಕೋಲಾಕ್ಕ ಹೋಗ್ತಾರಂತ, ಅರಬೈಲ್ ಘಾಟ್ ಇಳೀಬೇಕು. ಆಯಿಲ್ ಪೆಟ್ರೋಲಿನ್ಯಾಗ ಕಲಸಿದ್ರ ಘಾಟ್ ಇಳಿಯುವಾಗ ಆಕ್ಸಿಲರೇಟರ್ ಬಂದ್ ಇರ್ತೈತಿ, ಪೆಟ್ರೋಲ್ ಹೋಗಂಗಿಲ್ಲ ಅಂದ್ರ ಆಯಿಲೂ ಹೋಗಂಗಿಲ್ಲ, ಇಂಜಿನ್ ಮಾತ್ರ ಗೇರಿನ ಮ್ಯಾಲೆ ಗರಗರ ತಿರುಗ್ತಿರ್ತೈತಿ. ಪಂಪ್ ಇದ್ರ ಇಂಜಿನ್ ತಿರುಗಿದಷ್ಟು ಚೂರಾದ್ರೂ ಹಾಕ್ತೈತಿ. ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳಿ ನಿಲ್ಲೋತನಕ ಬಿಟ್ಟು, ಕೇಬಲ್ ಗುರುತು ಕೂಡಿಸಿ, ಪಂಪ್ ಖಾತ್ರಿ ಆಗ್ಲಿ ಅಂತ ಮೊದಲನೇ ಟ್ಯಾಂಕಿಗೆ ಸ್ವಲ್ಪ ಆಯಿಲ್ ಕಲಸೇ ಹೊಡ್ಸಿದೆ. ಮತ್ತ ನಮ್ಮ ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಮ್ಯಾಲೈತಿ, ಅಂಕೋಲಾದಾಗ ಗಾಳಿ ಇಲ್ಲಿಗಿಂತ ಸುಮಾರು 6 ಪರ್ಸೆಂಟ್ ದಪ್ಪ, ಇಲ್ಲಿ ಬರೋಬ್ಬರಿ ಇದ್ದ ಜೆಟ್ ಅಲ್ಲಿ ಒಂದು ಚೂರು ತೆಳು ಬೀಳ್ತೈತಿ. ಅದಕ್ಕ ಒಂದು ನಂಬರ್ ದೊಡ್ಡ ಮೇನ್ ಜೆಟ್ ಕಾಗದದಾಗ ಸುತ್ತಿ ಟೂಲ್ ಕಿಟ್‌ನ್ಯಾಗ ಇಟ್ಟೀನಿ, ಕರಾವಳಿಯೊಳಗ ದಿನಗಟ್ಟಲೆ ಜೋರು ಓಡ್ಸೋದಿದ್ರ ಹಾಕು, ಬರೇ ಹೋಗಿ ಮೀನು ತಿಂದು ಬರೋದಿದ್ರ ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗ ಇಳಿಸಿ ಕೈ ಬಿಗಿ ಹಿಡದು ಓಡ್ಸು ಅಂತ ಹೇಳಿ ಕಳಸೀನಿ.